ಅತ್ತೆಯ ಭಾಷೆ

ಒಲೆಗೆ ಸೌದೆ ತುರುಕುತ್ತ ಅತ್ತೆ ಬೆಳಗಿನಿಂದ ಯಾರನ್ನೋ ಬೈಯುತ್ತಿದ್ದಳು. ಆ ಯಾರೋ ತಾನೇ ಎಂದು ಜುರೆಮಾಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ತಿಳಿಯದವಳಂತೆ ಕಾಫಿಗೆ ಹಾಲು ಬೆರೆಸುತ್ತ, ಹಬೆ ಕಟ್ಟಿದ ಕಿಟಕಿಯ ಗಾಜನ್ನು ಬೆರಳಿನಿಂದ ಒರೆಸಿ, ಆಚೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದ ಎಲೆಕೋಸಿನ ಪಾತಿಗಳನ್ನು ನೋಡುತ್ತ ನಿಂತಿದ್ದಳು. ಜುಲೈ ಎಂದರೆ ಇಲ್ಲಿ ನಡುಚಳಿಗಾಲ. "ಬಯಲುಸೀಮೆಯಾಕಿ ಇವತ್ತ ದೊಡ್ಡ ಮನಷ್ಯಾಳಾಗ್ಯಾಳ," ಎಂದು ಅತ್ತೆ, ಸೊಸೆಗೆ ತಿಳಿಯದೆಂದುಕೊಂಡ ತನ್ನ ಭಾಷೆಯಲ್ಲಿ, ಒಲೆಯ ಬಾಗಿಲಿಗೆ ಹೇಳಿದಳು. "ಕೋಟಿನ ಗುಂಡಿ ಕಿತ್ತು ಹೋಗೈತಿ, ಅದರ ಖಬರಿಲ್ಲ. ಊರ ಹಣೇಬರ ಬರಿಯಾಕ ಹೊಂಟಾಳ. ಮುತ್ತಜ್ಜನ ಮರಗಾಲಿನಾಣಿ, ಈಕಿ ಎತ್ತೋ ಕೈ ಯಾವ ಕಡಿ ಬೀಳತೈತೋ ದೇವರಿಗೇ ಗೊತ್ತು." ಜುರೆಮಾಳ ಕೈ ತಾನಾಗಿ ಕೋಟಿನ ಎದೆಯ ಕಡೆ ಹೊರಟಿತು, ಅರ್ಧದಲ್ಲೇ ಅದನ್ನು ತಡೆದು ಸಕ್ಕರೆ ಡಬ್ಬಿಯ ಕಡೆ ತಿರುಗಿಸಿದಳು. ಕೇಳಿದ ಕೂಡಲೇ ಮಾಡಬಾರದು. ಸ್ವಲ್ಪ ಹೊತ್ತು ಬಿಡಬೇಕು. ಸಾರಿಗೆ ಉಪ್ಪಿಲ್ಲವೆಂದು ಅತ್ತೆ ಗೋಡೆಗೆ ಹೇಳಿದರೆ, ಒಂದೆರಡು ಪಾತ್ರೆ ತೊಳೆದು, ನಾಯಿಗೆ ಅನ್ನ ಹಾಕಿ ಬಂದು, ಆಮೇಲೆ ಸಾರಿನ ರುಚಿ ನೋಡಿ, ತಾನೇ ಕಂಡುಕೊಂಡವಳಂತೆ ಹುಬ್ಬೇರಿಸಿ ಉಪ್ಪು ಹಾಕಬೇಕು. ಮದುವೆಯಾಗಿ ಇಪ್ಪತ್ತಾರು ವರ್ಷ ಅವಳು ಹೀಗೆಯೇ ಬದುಕಿದ್ದಳು, ಮಾತಿಗಿಂತ ಒಂದು ಗಳಿಗೆ ಹಿಂದೆ. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಕನ್ನಡಿಯ ಮುಂದೆ ಹೋಗಿ, "ಅಯ್ಯೋ, ಗುಂಡಿ ಬಿದ್ದುಹೋಗಿದೆಯಲ್ಲ!" ಎಂದು ಪೋರ್ಚುಗೀಸಿನಲ್ಲಿ ಗಟ್ಟಿಯಾಗಿ ಹೇಳಿದಳು. "ಕಡೀಗೂ ಕಣ್ಣು ಕೊಟ್ಟ ದೇವರು," ಎಂದಳು ಅತ್ತೆ ತನ್ನ ಭಾಷೆಯಲ್ಲಿ. ಆಮೇಲೆ ಪೋರ್ಚುಗೀಸಿನಲ್ಲಿ, ಕೈಯಲ್ಲಿ ದಾರದುಂಡೆ ಹಿಡಿದು, ಬಹಳ ಸಭ್ಯವಾಗಿ ಅಂದಳು: "ಸೂಜಿ. ಬೇಕಾ?" ಪೋರ್ಚುಗೀಸಿನಲ್ಲಿ ಅತ್ತೆ ಯಾವಾಗಲೂ ಸಭ್ಯಳು. ಅದರಲ್ಲಿ ಬೈಯುವಷ್ಟು ಮಾತು ಅವಳಿಗೆ ಬರುತ್ತಿರಲಿಲ್ಲ.

ಆ ಮುತ್ತಜ್ಜ ಜರ್ಮನಿಯಿಂದ ಹಡಗು ಹತ್ತಿ ಈ ಗುಡ್ಡಕ್ಕೆ ಬಂದು ಕಾಡು ಕಡಿಯುವಾಗ ಮರ ಬಿದ್ದು ಕಾಲು ಕಳಕೊಂಡವನಂತೆ. ಬಿದ್ದ ಅದೇ ಮರದಿಂದ ಕಾಲು ಕೆತ್ತಿಸಿಕೊಂಡು ಮುಂದಿನ ವರ್ಷ ಊರಹಬ್ಬದಲ್ಲಿ ಕುಣಿದನಂತೆ. ಅತ್ತೆಯ ತೌರಿನವರ ಹೊರತು ಸಾಂತಾ ಓಡಿಲಾ ಎಂಬ ಈ ಊರಿನಲ್ಲಿ ಇನ್ನಾರೂ ಆ ಆಣೆ ಇಡುತ್ತಿರಲಿಲ್ಲ. ತೌರಿನವರಲ್ಲಿ ಈಗ ಉಳಿದವಳು ಅತ್ತೆ ಒಬ್ಬಳೇ. ಗುಂಡಿ ಹೊಲಿಯುತ್ತ ಜುರೆಮಾ ಇದನ್ನೆಲ್ಲ ತನಗೆ ಯಾರೂ ಹೇಳಿಕೊಟ್ಟದ್ದಲ್ಲವಲ್ಲ ಎಂದುಕೊಂಡಳು. ಎಲ್ಲವೂ ಕದ್ದದ್ದು. ದಕ್ಷಿಣದ ಬಯಲಿನಿಂದ, ದನ ಕಾಯುವವರ ಮನೆಯಿಂದ, ಲಸಿಕೆ ಹಾಕುವ ನರ್ಸಾಗಿ ಈ ಊರಿಗೆ ಬಂದು, ಹಾಲಿನ ಲಾರಿ ಓಡಿಸುವ ಇಲ್ವೊನನ್ನು ಮೆಚ್ಚಿ ಮದುವೆಯಾದ ಹೊಸತರಲ್ಲಿ ಜರ್ಮನ್ ವಲಸಿಗರ ಆ ಹುನ್ಸ್‌ರಿಕ್ ಭಾಷೆ ಅವಳಿಗೆ ಬರೀ ಸದ್ದು. ಬೀಸುಗಲ್ಲಿನೊಳಗೆ ಜೋಳ ಬಿದ್ದ ಸದ್ದು. ಅತ್ತೆಯೂ ಪಕ್ಕದ ಮನೆಯ ಮೆಲೀಟಾಳೂ ಎದುರುಬದುರು ಕೂತು ಮಾತಾಡುವಾಗ ಇವಳು ನಗುಮುಖ ಮಾಡಿಕೊಂಡು ಕೂರುವಳು. ಆಮೇಲೆ ಒಂದೊಂದೇ ಪದ ಸದ್ದಿನಿಂದ ಬೇರ್ಪಟ್ಟು ಅಂಗೈಗೆ ಬಂತು. ಬೆಣ್ಣೆ. ನಾಯಿ. ಸೋಮಾರಿ. ಒಂದು ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಇಡೀ ಒಂದು ವಾಕ್ಯ ಅರ್ಥವಾಗಿಬಿಟ್ಟಿತು: "ನೋಡ ಮೆಲೀಟಾ, ಈಕಿ ಸುಲದ್ರ ಸಿಪ್ಪಿ ಮನಷ್ಯಾರಿಗೆ, ಗಡ್ಡಿ ಹಂದಿಗೆ." ಅರ್ಥವಾದ ಸಂತೋಷಕ್ಕೆ ಅವಳು ನಗುವವಳಿದ್ದಳು. ಅವಮಾನ ಒಂದು ಕ್ಷಣ ತಡವಾಗಿ ಬಂತು. ಆಗಲೇ ತಲೆಯೆತ್ತಿ ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಆಡಲಿಲ್ಲ. ಸಿಪ್ಪೆಯನ್ನು ತೆಳ್ಳಗೆ ಸುಲಿಯತೊಡಗಿದಳು, ಅದನ್ನೂ ಸ್ವಲ್ಪ ಹೊತ್ತು ಬಿಟ್ಟು. ಒಂದು ದಿನ ಮುಚ್ಚಿಟ್ಟದ್ದನ್ನು ಮರುದಿನ ತೆರೆಯುವುದು ಎರಡರಷ್ಟು ಕಷ್ಟ. ವರ್ಷ ಕಳೆದ ಮೇಲೆ ಅದು ಮನೆಯ ಒಂದು ಗೋಡೆಯೇ ಆಗಿಬಿಡುತ್ತದೆ, ಅದನ್ನು ಸುತ್ತಿಕೊಂಡೇ ಓಡಾಡಬೇಕು. ಗಂಡನಿಗೂ ಹೇಳಲಿಲ್ಲ. ಅವಳಿಗೆ ಹತ್ತಿಪ್ಪತ್ತು ಪದ ಬರುತ್ತದೆ ಎಂದು ಇಲ್ವೊ ನಂಬಿದ್ದ. ಮೊದಲು ನಾಚಿಕೆಯಿಂದ ಕೇಳಿಸಿಕೊಂಡಳು, ಆಮೇಲೆ ಸಿಟ್ಟಿನಿಂದ. ಕೊನೆಗೆ, ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಾರಳು, ಆಸೆಯಿಂದ ಕೇಳಿಸಿಕೊಳ್ಳತೊಡಗಿದ್ದಳು. ಅತ್ತೆ ಅಷ್ಟು ಚೆನ್ನಾಗಿ ಬೈಯುತ್ತಿದ್ದಳು.

ಬೂಟು ಹಾಕಿಕೊಳ್ಳುತ್ತ ಇಲ್ವೊ ಬಾಗಿಲಲ್ಲಿ ನಿಂತು, "ಏನು ತೀರ್ಮಾನ ಮಾಡಿದೆ?" ಎಂದ.

"ಇನ್ನೂ ಮಾಡಿಲ್ಲ."

"ಮೂರು ಗಂಟೆಗೆ ಪುರಸಭೆಯ ಸಭೆ, ಇನ್ನೂ ಮಾಡಿಲ್ಲ ಅಂತೀಯಲ್ಲ ಮಾರಾಯ್ತಿ. ನಮ್ಮ ಭಾಷೆಗೆ ಮಾನ್ಯತೆ ನಾಲ್ಕು ಜನ ಬೇಕು ಅಂತಾರೆ, ನಾಲ್ಕು ಜನ ಬೇಡ ಅಂತಾರೆ. ಹಾಲು ಹಾಕೋ ಮನೆಮನೆಯಲ್ಲೂ ನನ್ನ ಕೇಳ್ತಾರೆ, ನಿನ್ನ ಹೆಂಡ್ತಿ ಯಾವ ಕಡೆ ಅಂತ. ನಮ್ಮಮ್ಮನ ಮುಖ ನೋಡಿಯಾದರೂ..."

"ನಿಮ್ಮಮ್ಮನ ಮುಖ ನೋಡ್ತಾನೇ ಇದ್ದೀನಲ್ಲ, ಇಷ್ಟು ವರ್ಷದಿಂದ."

ಇಲ್ವೊ ಲಾರಿಯ ಕೀಲಿ ಹುಡುಕತೊಡಗಿದ. ಅತ್ತೆ ಅವನಿಗೆ ಅವರ ಭಾಷೆಯಲ್ಲಿ ಹೇಳಿದಳು: "ನನ್ನ ಮುಖ ಯಾಕ ನೋಡಬೇಕು? ಸರಕಾರ ಹೂಂ ಅಂದ್ರ ನನ್ನ ಬಾಯಿ ಸಿಹಿ ಆಗತೈತೇನು? ಇಷ್ಟ ದಿವಸ ಯಾರ ಅಪ್ಪಣಿ ಕೇಳಿ ಮಾತಾಡೀನಿ?" ಆದರೆ ಕೋಣೆಯ ಬಾಗಿಲ ಹಿಂದೆ ಅವಳ ಕಪ್ಪು ಉಡುಪು ಇಸ್ತ್ರಿಯಾಗಿ ತೂಗುತ್ತಿದ್ದುದನ್ನು, ಕೊರಳ ಹತ್ತಿರ ಬೆಳ್ಳಿಯ ಪಿನ್ನು ಆಗಲೇ ಚುಚ್ಚಿದ್ದುದನ್ನು ಜುರೆಮಾ ನೋಡಿದ್ದಳು. ಆ ಪಿನ್ನು ಮದುವೆಗೆ ಮತ್ತು ಸಾವಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವುದು.

ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ಎಂದಿನಂತೆಯೇ ಇತ್ತು. ಮೇಜಿನ ಮೇಲೆ ಯಾರೋ ಕಳಿಸಿದ ಕುಕಾ ಎಂಬ ಸಿಹಿರೊಟ್ಟಿ, ದ್ರಾಕ್ಷಿ ಹಾಕಿ ಮೇಲೆ ಬೆಣ್ಣೆ ಸಕ್ಕರೆಯ ಪುಡಿ ಉದುರಿಸಿ ಸುಟ್ಟದ್ದು, ಇನ್ನೂ ಬೆಚ್ಚಗಿತ್ತು. ಅವಳು ಎರಡು ತುಂಡು ತಿಂದಳು. ಸಕ್ಕರೆ ಕಾಯಿಲೆಯ ಮುದುಕ ಆರ್ನೊ ಹೆಂಡತಿಯ ಜೊತೆ ಬಂದು ಕೂತ. "ಸಿಹಿ ತಿಂತೀರಾ?" ಎಂದು ಕೇಳಿದಳು. "ಮುಟ್ಟೋದೇ ಇಲ್ಲ," ಎಂದ ಪೋರ್ಚುಗೀಸಿನಲ್ಲಿ. ಹೆಂಡತಿ ಕಿಟಕಿ ಕಡೆ ನೋಡುತ್ತ ಅವರ ಭಾಷೆಯಲ್ಲಿ, "ನಿನ್ನಿ ಸಂಜಿಮುಂದ ಹಣ್ಣಿನ ಪಾಕದ ಡಬ್ಬಿ ನೆಕ್ಕಿದಾವ ನಿನ್ನ ತಮ್ಮನೇನು?" ಎಂದಳು. ಜುರೆಮಾ ರಕ್ತ ತೆಗೆದಳು, ಹತ್ತಿ ಒತ್ತಿದಳು, ಚೀಟಿ ಬರೆದಳು. ಸಾಕಷ್ಟು ಹೊತ್ತಾಯಿತು ಅನ್ನಿಸಿದ ಮೇಲೆ ಅವನ ಕಣ್ಣರೆಪ್ಪೆ ಎಳೆದು ನೋಡಿ, "ಹಣ್ಣಿನ ಪಾಕ ತಿಂದ ಹಾಗೆ ಕಾಣುತ್ತಲ್ಲ ಆರ್ನೊ ಅವರೇ," ಎಂದಳು. ಮುದುಕ ಬೆಚ್ಚಿದ. ಹೆಂಡತಿ ಶಿಲುಬೆಯ ಗುರುತು ಮಾಡಿಕೊಂಡಳು. ಕಣ್ಣು ನೋಡಿಯೇ ರೋಗ ಹೇಳುವ ನರ್ಸಮ್ಮ ಎಂಬ ಹೆಸರು ಅವಳಿಗೆ ಬಂದದ್ದೇ ಹೀಗೆ. ಆ ಹೆಸರಿನಿಂದಲೇ ಅವಳು ಪುರಸಭೆಗೆ ಆರಿಸಿ ಬಂದದ್ದು. ಬಯಲುಸೀಮೆಯ ಕಪ್ಪು ಹೆಂಗಸಿಗೆ ಈ ಊರು ಓಟು ಹಾಕಿತು ಎಂದು ಇಲ್ವೊ ಕಣ್ಣಲ್ಲಿ ನೀರು ತಂದುಕೊಂಡಾಗ ಅವಳಿಗೆ ನಾಚಿಕೆಯಾಗಿತ್ತು. ಅವಳು ಯಾರ ಕಣ್ಣಿನಲ್ಲೂ ಏನನ್ನೂ ಕಂಡವಳಲ್ಲ. ಎಲ್ಲರೂ ಅವಳ ಮುಂದೆಯೇ, ಗೋಡೆಯ ಮುಂದೆ ಮಾತಾಡಿದ ಹಾಗೆ, ತಮ್ಮ ಗುಟ್ಟು ತಾವೇ ಹೇಳಿಕೊಂಡಿದ್ದರು. ಈಗ ಆ ಭಾಷೆಗೆ ಊರಿನ ಎರಡನೆಯ ಅಧಿಕೃತ ಭಾಷೆಯ ಪಟ್ಟ ಕಟ್ಟಬೇಕೋ ಬೇಡವೋ ಎಂದು ಅವಳೇ ಹೇಳಬೇಕು. ಬೇಡ ಎಂದರೆ ಅದು ಸೇಡು. ಬೇಕು ಎಂದರೆ? ಶಾಲೆಯಲ್ಲಿ ಕಲಿಸುತ್ತಾರೆ, ಬೀದಿಗೆ ಫಲಕ ಹಾಕುತ್ತಾರೆ, ಎಲ್ಲರೂ ಕಲಿಯುತ್ತಾರೆ, ತನ್ನ ಒಬ್ಬಳದೇ ಆಗಿದ್ದ ಆ ಕಳ್ಳಕಿಂಡಿ ಊರ ಹೆಬ್ಬಾಗಿಲಾಗುತ್ತದೆ. ಆ ನಷ್ಟವನ್ನು ನೆನೆದು ದುಃಖವಾಯಿತು. ಇಂಥ ದುಃಖವೂ ಇರುತ್ತದಲ್ಲ ಎಂದು ನಗುವೂ ಬಂತು.

ಪುರಸಭೆಯ ಮೊಗಸಾಲೆಯಲ್ಲಿ ಅಧ್ಯಕ್ಷ ಎಲ್ಮೀರೊ ಕ್ಲೌಕ್ ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಹಿಡಿದು ನಿಂತಿದ್ದ. ಠರಾವು ಬರೆದವನೇ ಅವನು. ಸಾಸೇಜಿನ ವ್ಯಾಪಾರಿ, ದೊಡ್ಡ ದನಿಯವನು. ಜೊತೆಗಿದ್ದವನು ಗರಗಸದ ಮಿಲ್ಲಿನ ರೋಮಲ್ದೊ, ಠರಾವಿನ ಕಡುವಿರೋಧಿ. ಫಲಕ, ಪುಸ್ತಕ ಎಂದು ಊರ ದುಡ್ಡು ಹಾಳು ಎನ್ನುವವನು. ವಿರೋಧಿಸುವವನೂ ಬೆಂಬಲಿಸುವವನೂ ಬುರುಡೆ ಬದಲಾಯಿಸಿಕೊಳ್ಳುತ್ತ ಆ ಭಾಷೆಯಲ್ಲೇ ಹರಟುತ್ತಿದ್ದರು. ಜುರೆಮಾ ಹತ್ತಿರ ಬಂದಾಗ ಇಬ್ಬರೂ ಪೋರ್ಚುಗೀಸಿನಲ್ಲಿ, "ನಮಸ್ಕಾರ ಡೋನಾ ಜುರೆಮಾ, ಏನು ಚಳಿ!" ಎಂದರು, ಬುರುಡೆ ಅವಳ ಕೈಗೂ ಬಂತು. ಅವಳು ಬಿಸಿ ಕಷಾಯ ಹೀರುತ್ತಿರುವಾಗಲೇ ರೋಮಲ್ದೊ, ಮುಖದಲ್ಲಿ ಅದೇ ನಗು ಇಟ್ಟುಕೊಂಡು, ತಮ್ಮ ಭಾಷೆಯಲ್ಲಿ ಹೇಳಿದ: "ಈಕಿ ನನ್ನ ಕಡೀನಽ ನೋಡ. ಅತ್ತಿ ಮ್ಯಾಲಿನ ಸಿಟ್ಟು ಭಾಷಾದ ಮ್ಯಾಲ ತೀರಿಸ್ತಾಳ." ಕ್ಲೌಕ್ ಅದೇ ನಗುವಿನಿಂದ, "ಏ ಇಲ್ಲ ತಗೋ, ದ್ರಾಕ್ಷಿ ಕುಕಾ ಕಳಿಸೀನಿ ದವಾಖಾನಿಗೆ. ಬಯಲುಸೀಮಿ ಮಂದಿ, ಹೊಟ್ಟಿ ತುಂಬಿದ್ರ ಕೈ ತಾನಽ ಮ್ಯಾಲೇಳತೈತಿ," ಎಂದ. ಕುಕಾದ ಸಿಹಿ ಇನ್ನೂ ಅವಳ ಹಲ್ಲಿನ ಸಂದಿಯಲ್ಲಿತ್ತು. ಕಷಾಯದ ಕಹಿ ಅದರ ಮೇಲೆ ಹರಿಯಿತು. ಬುರುಡೆಯನ್ನು ಕ್ಲೌಕನ ಕೈಗೆ ಕೊಟ್ಟು, "ಚೆನ್ನಾಗಿದೆ," ಎಂದು ಒಳಗೆ ನಡೆದಳು. ಕಿವಿಯ ಹಿಂದೆ ಬಿಸಿಯೇರಿ ಅದು ಎಲ್ಲರಿಗೂ ಕಾಣುತ್ತಿದೆ ಅನ್ನಿಸಿತು. ಯಾರಿಗೂ ಕಾಣಲಿಲ್ಲ. ಗೋಡೆ ಕೆಂಪಾದರೆ ಯಾರು ನೋಡುತ್ತಾರೆ?

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಪ್ಪು ಉಡುಪಿನಲ್ಲಿ ಅತ್ತೆ ಒಟೀಲಿಯಾ, ಕೊರಳಲ್ಲಿ ಬೆಳ್ಳಿಯ ಪಿನ್ನು. ಪಕ್ಕದಲ್ಲಿ ಮೆಲೀಟಾ, ಹಿಂದೆ ಗೋಡೆಗೊರಗಿ ಇಲ್ವೊ. ಆರ್ನೊ ಮತ್ತು ಅವನ ಹೆಂಡತಿಯೂ ಇದ್ದರು. ಅತ್ತೆ ಚರ್ಚಿನಲ್ಲಿ ಕೂರುವ ಹಾಗೆ ಕೈ ಮಡಿಚಿ ಕೂತಿದ್ದಳು, ಯಾರ ಕಡೆಗೂ ನೋಡುತ್ತಿರಲಿಲ್ಲ. ಅವಳ ಅಪ್ಪನನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂತೆಯಿಂದ ಠಾಣೆಗೆ ಎಳೆದುಕೊಂಡು ಹೋಗಿದ್ದರಂತೆ. ಆಗ ಜರ್ಮನಿ ಶತ್ರು, ಈ ಭಾಷೆ ಆಡುವುದೇ ಅಪರಾಧ. ಅವನು ಮನುಷ್ಯರ ಜೊತೆ ಆಡಿದ್ದೂ ಅಲ್ಲ, ಗಾಡಿಯ ಎತ್ತಿಗೆ ಎಡಕ್ಕೆ ತಿರುಗು ಎಂದಿದ್ದ. "ಎತ್ತಿಗೆ ಬ್ಯಾರೆ ಭಾಷಾ ಬರತಿರಲಿಲ್ಲ, ಏನ ಮಾಡಬೇಕಿತ್ತು ನಮ್ಮಪ್ಪ?" ಎಂದು ಅತ್ತೆ ಮೆಲೀಟಾಗೆ ಹೇಳಿ ಹೇಳಿ ನಗುವಳು, ನಕ್ಕು ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿರುವಳು. ಆ ಸುಮ್ಮನಿರುವಿಕೆಯನ್ನೂ ಜುರೆಮಾ ಕದ್ದು ಕೇಳಿದ್ದಳು. ಅವಳ ಸ್ವಂತ ಮಗಳು ಬ್ರೂನಾ, ಅತ್ತೆಯ ಮೊಮ್ಮಗಳು, ನಗರದ ಕಾಲೇಜಿನಿಂದ ಬಂದಾಗ ಅಜ್ಜಿಗೆ ಮುತ್ತು ಕೊಟ್ಟು ಪೋರ್ಚುಗೀಸಿನಲ್ಲಿ ಏನೇನೋ ಹೇಳಿ ಹೋಗುವಳು. ಅಜ್ಜಿ "ಹೂಂ, ಹೂಂ," ಎನ್ನುವಳು. ನಾದಿನಿಯರ ಮಕ್ಕಳೂ ಅಷ್ಟೆ. ಕ್ಲೌಕ್ ಈಗ ಎದ್ದು ನಿಂತು ಭಾಷಣ ಮಾಡುತ್ತಿದ್ದ, ಪೋರ್ಚುಗೀಸಿನಲ್ಲಿ: ಕಾಡು ಕಡಿದ ಹಿರಿಯರು, ಹಡಗು, ಹಸಿವು, ಬೈಬಲ್ಲು, ಬೆವರು. ಠರಾವನ್ನು ಎತ್ತಿ ಓದಿದ: "ಜರ್ಮನ್ ವಲಸಿಗರ ಪರಂಪರೆಯನ್ನೂ, ಅವರ ರಕ್ತಸಂಬಂಧಿಗಳ ಹುನ್ಸ್‌ರಿಕ್ ಭಾಷೆಯನ್ನೂ ಈ ಪುರಸಭೆ ಅಧಿಕೃತವಾಗಿ ಮಾನ್ಯ ಮಾಡುತ್ತದೆ." ಓದಿ, ಎದೆಯ ಮೇಲೆ ಕೈಯಿಟ್ಟು, "ಈ ಭಾಷೆ ನಮ್ಮ ರಕ್ತದಲ್ಲಿ ಹರಿಯುತ್ತಿದೆ," ಎಂದ. ಚಪ್ಪಾಳೆ ಬಿತ್ತು. ರೋಮಲ್ದೊ ಎದ್ದು, ಇದರಲ್ಲಿ ಕಾನೂನು ಎನ್ನುವುದಕ್ಕೆ ಒಂದು ಪದವೂ ಇಲ್ಲ, ಇದು ಮುದುಕಿಯರ ಅಡಿಗೆಮನೆಯ ಭಾಷೆ, ಅವರ ಜೊತೆಗೇ ಹೋಗುತ್ತದೆ, ಹೋಗಲಿ ಬಿಡಿ ಎಂದ. ಅದಕ್ಕೂ ಚಪ್ಪಾಳೆ ಬಿತ್ತು. ಅತ್ತೆಯ ಮಡಿಚಿದ ಕೈಗಳ ಹೆಬ್ಬೆರಳು ಮಾತ್ರ ಒಮ್ಮೆ ಮೇಲೆ ಬಂದು ಕೆಳಗೆ ಹೋಯಿತು.

ಹೆಸರು ಕರೆಯುತ್ತ ಬಂದರು. ಹಳಬರಿಂದ ಹೊಸಬರಿಗೆ, ಜುರೆಮಾ ಎಲ್ಲರಿಗಿಂತ ಹೊಸಬಳು, ಕೊನೆಯವಳು. ನಾಲ್ಕು ಅತ್ತ, ನಾಲ್ಕು ಇತ್ತ ಬಿದ್ದವು. ಅವಳು ಎದ್ದು ನಿಂತಾಗ ಬೇಕು ಅಥವಾ ಬೇಡ ಎಂಬ ಒಂದೇ ಪದ ಹೇಳಿ ಕೂರುವವಳಿದ್ದಳು. ಯಾವ ಪದ ಎಂದು ಆಗಲೂ ಗೊತ್ತಿರಲಿಲ್ಲ. ರಕ್ತದಲ್ಲಿ ಹರಿಯುತ್ತಿದೆ ಎಂಬ ಮಾತು ಮಾತ್ರ ಇನ್ನೂ ಕಿವಿಯಲ್ಲಿತ್ತು. ಎದುರಿಗೆ ಕಂಡ ಮುಖಗಳನ್ನು ನೋಡಿದಳು. ಎಲ್ಲರ ತೋಳು ಅವಳಿಗೆ ಗೊತ್ತು. ಯಾರ ನರ ಸುಲಭಕ್ಕೆ ಸಿಗುತ್ತದೆ, ಯಾರದು ಜಾರುತ್ತದೆ. ಬಾಯಿ ತೆರೆದಳು. ಬಂದದ್ದು ಪೋರ್ಚುಗೀಸ್ ಅಲ್ಲ.

"ಏ ಎಲ್ಮೀರೊ," ಎಂದಳು ಅತ್ತೆಯ ಭಾಷೆಯಲ್ಲಿ, "ಈ ಊರಾಗ ಎಲ್ಲಾರ ರಕ್ತ ನಾ ತಗದೀನಿ. ನಿಂದೂ ತಗದೀನಿ. ಅದರಾಗ ಸಕ್ಕರಿ ಐತಿ, ಕೊಬ್ಬು ಐತಿ, ಸೋಮವಾರ ತಗದ್ರ ಬೀರೂ ಐತಿ. ಭಾಷಾ ಒಂದು ಹನೀನೂ ಕಾಣಲಿಲ್ಲ. ಮುತ್ತಜ್ಜನ ಮರಗಾಲಿನಾಣಿ!"

ಯಾರೋ ಕೆಮ್ಮಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಅಧ್ಯಕ್ಷನ ಪಕ್ಕದ ಗುಮಾಸ್ತ ಎದ್ದು ಪೋರ್ಚುಗೀಸಿನಲ್ಲಿ, "ಸದಸ್ಯರು ಅಧಿಕೃತ ಭಾಷೆಯಲ್ಲೇ ಮಾತಾಡಬೇಕು, ಇದು ಇನ್ನೂ... ಇನ್ನೂ ಆಗಿಲ್ಲ..." ಎಂದು ತೊದಲಿ ಕೂತುಬಿಟ್ಟ. ಜುರೆಮಾಗೆ ತನ್ನ ದನಿ ತನಗೇ ಹೊಸದಾಗಿ ಕೇಳಿತು. ಈ ಪದಗಳು ಅವಳ ಕಿವಿಯಲ್ಲಿ ಇಷ್ಟು ವರ್ಷ ಇದ್ದವು, ನಾಲಗೆಯ ಮೇಲೆ ಎಂದೂ ಬಂದಿರಲಿಲ್ಲ. ಬಂದರೆ ಇಷ್ಟು ಸಲೀಸು! "ಭಾಷಾ ಇರೋದು ಬಾಯಾಗ," ಎಂದಳು. "ನನ್ನ ಬಾಯಾಗ ಇದನ್ನ ಇಟ್ಟಾಕಿ ಅಲ್ಲಿ ಮುಂದ ಕುಂತಾಳ. ನನ್ನ ರಕ್ತ ಬ್ಯಾರೆ, ಆಕಿ ರಕ್ತ ಬ್ಯಾರೆ. ರಕ್ತಸಂಬಂಧ ಅನ್ನೋ ಆ ಒಂದು ಶಬ್ದ ಹೊಡದು ಹಾಕು, ಯಾರ್ ಆಡತಾರೋ ಅವರ ಭಾಷಾ ಅಂತ ಬರಿ. ಬರದ್ರ ನನ್ನ ಕೈ ಮ್ಯಾಲ. ಇನ್ನಽ ಕುಕಾ ಏನ ಕಳಸಬ್ಯಾಡ, ಸಾಕು."

ಮೊದಲು ನಕ್ಕವನು ಹಿಂದೆ ನಿಂತಿದ್ದ ಒಬ್ಬ ಮುದುಕ. "ಥೇಟ್ ಒಟೀಲಿಯಾ!" ಎಂದು ಕೂಗಿದ. "ಕಣ್ಣು ಮುಚ್ಚಿಕೊಂಡ್ರ ಒಟೀಲಿಯಾನಽ!" ಆಮೇಲೆ ಇಡೀ ಸಭೆ ನಕ್ಕಿತು. ಹೌದು, ಹಾಗೇ ಇತ್ತು. ಮಾತಿಗೆ ಮುಂಚೆ ನಾಲಗೆಯಿಂದ ಚ್ಚ್ ಎನ್ನುವುದು, ಕೊನೆಯ ಪದವನ್ನು ಬಾಗಿಲು ಬಡಿದ ಹಾಗೆ ಮುಗಿಸುವುದು, ಮುತ್ತಜ್ಜನ ಕಾಲು, ಎಲ್ಲ ಅತ್ತೆಯವೇ. ಜುರೆಮಾ ಆ ಭಾಷೆಯನ್ನು ಬೇರೆ ಯಾರಿಂದ ಕಲಿತಿದ್ದಳು? ನಗು ಇಳಿಯುತ್ತಿದ್ದಂತೆ ಇನ್ನೊಂದು ಬಗೆಯ ನಿಶ್ಶಬ್ದ ಸಾಲಿನಿಂದ ಸಾಲಿಗೆ ಹರಡಿತು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹೋಗಿ ನೋಡುತ್ತಿದ್ದರು, ಇವಳ ಮುಂದೆ ತಾವು ಎಲ್ಲಿ, ಯಾವಾಗ, ಏನು ಆಡಿದ್ದೆವು ಎಂದು. ಆರ್ನೊ ಹೆಂಡತಿಯ ಕಡೆ ತಿರುಗಿ, "ಅಂದ್ರ ಹಣ್ಣಿನ ಪಾಕ... ಕಣ್ಣಾಗ ಕಾಣಲಿಲ್ಲ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿತು. ಮೆಲೀಟಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕ್ಲೌಕನ ಕಿವಿಗಳು ಅವನ ಅಂಗಡಿಯ ಸಾಸೇಜಿನಷ್ಟು ಕೆಂಪಾಗಿದ್ದವು. ಅವನು ಪೆನ್ನು ತೆಗೆದು ಆ ಪದವನ್ನು ಹೊಡೆದು ಹಾಕಿ, ಅವಳು ಹೇಳಿದ ಹಾಗೆ ಬರೆದ. ಜುರೆಮಾ ಕೈಯೆತ್ತಿದಳು. ಕೈ ಹಗುರಾಗಿತ್ತು. ಕಣ್ಣು ನೋಡಿ ರೋಗ ಹೇಳುವ ನರ್ಸಮ್ಮ ಆ ಗಳಿಗೆಯಲ್ಲಿ ಸತ್ತುಹೋದಳು, ಮುಂದಿನ ಸಲ ಓಟು ಬೀಳುವುದೋ ಇಲ್ಲವೋ. ಅದಕ್ಕೂ ಹಗುರವೇ ಅನ್ನಿಸಿತು. ಚಪ್ಪಾಳೆಯ ನಡುವೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅತ್ತೆ ಎದ್ದು ಹೋಗಿದ್ದಳು.

ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಇಲ್ವೊ ಹೆಂಡತಿಯನ್ನು ಹೊಸದಾಗಿ ಯಾರೋ ಪರಿಚಯ ಮಾಡಿಕೊಟ್ಟ ಹಾಗೆ ನೋಡಿದ. ಏನೋ ಹೇಳಲು ಬಾಯಿ ತೆರೆದು, ಯಾವ ಭಾಷೆಯಲ್ಲಿ ಹೇಳಬೇಕೋ ಗೊತ್ತಾಗದೆ, ಗಾಡಿ ಶುರುಮಾಡಿದ. ಜುರೆಮಾ ಮುಂದೆ ಕೂರದೆ ಅತ್ತೆಯ ಪಕ್ಕದಲ್ಲಿ ಕೂತಳು. ಚೌಕ ದಾಟಿತು, ಚರ್ಚು ದಾಟಿತು, ಗುಡ್ಡದ ಏರು ಶುರುವಾಯಿತು. ಗೆದ್ದ ಖುಷಿಯಿಲ್ಲ. ಒಬ್ಬರ ಮನೆಯ ಬಚ್ಚಲ ಕಿಂಡಿಯಲ್ಲಿ ಇಣುಕಿ ಸಿಕ್ಕಿಬಿದ್ದವಳಂತೆ ಅವಳ ಮೈ ಮುದುಡಿಕೊಂಡಿತ್ತು. ಬೈದವಳು ಅತ್ತೆಯೇ ನಿಜ. ಆದರೆ ಬೈಯುವವರು ಬೈದು ಮರೆಯುತ್ತಾರೆ. ಕೇಳಿಸಿಕೊಂಡು ಕೂಡಿಟ್ಟವಳದು ಯಾವ ಬಗೆಯ ಒಳ್ಳೆಯತನ?

"ಆಲೂಗಡ್ಡಿ ಸಿಪ್ಪಿ ಮಾತು ಕೇಳಿದ್ದೇನು?" ಎಂದಳು ಅತ್ತೆ, ಕಿಟಕಿಯ ಕಡೆಗೆ ಮುಖ ಮಾಡಿ.

"ಕೇಳೀನಿ."

"ನಿನ್ನ ಕಾಲು ಕೊಕ್ಕರಿ ಕಾಲು ಅಂದದ್ದು?"

"ಮದುವ್ಯಾದ ಎರಡನೇ ಚಳಿಗಾಲ. ಮೆಲೀಟಾನ ಮುಂದ."

"ನಿಮ್ಮವ್ವ ಬಂದಾಗ ಆಕಿ ಟೊಪ್ಪಿಗಿಗೆ ಅಂದದ್ದು?"

"ಅದು ಖರೇನಽ ಕೋಳಿ ಗೂಡು ಇದ್ದಂಗ ಇತ್ತು. ನಾನೂ ಒಳಗೊಳಗ ನಕ್ಕೆ. ನೀ ಹೇಳೋದು ಚೊಲೋ ಇರತಿತ್ತು ಅತ್ತಿ."

ಅತ್ತೆ ತಿರುಗಿದಳು. "ಅತ್ತಿಗೆ ನೀ ಅಂತೀಯೇನ? ಸಭಾದಾಗ ಅಧ್ಯಕ್ಷಗೂ ಏ ಎಲ್ಮೀರೊ ಅಂದಿ. ದೊಡ್ಡಾವ್ರಿಗೆ ನೀವು ಅನ್ನಬೇಕು ಅನ್ನೋದು ಕಲಿಲಿಲ್ಲೇನು?"

"ಎಲ್ಲಿ ಕಲೀಲಿ? ನಿನ್ನ ಬಾಯಾಗ 'ನೀವು' ಅನ್ನೋದು ನಾ ಒಂದ ದಿವಸ ಕೇಳಿಲ್ಲ."

ಮುಂದೆ ಇಲ್ವೊನ ಭುಜ ಕುಲುಕಿತು. ಅತ್ತೆ ಅವನ ಬೆನ್ನಿಗೆ, "ರಸ್ತಾ ನೋಡು ನೀ," ಎಂದಳು. ಏರಿನ ಮೇಲೆ ಬಿಸಿಲು ಇನ್ನೂ ಇತ್ತು. ಹಣ್ಣು ತುಂಬಿದ ಕಿತ್ತಳೆ ಗಿಡಗಳು ಬೇಲಿಯುದ್ದಕ್ಕೂ ದೀಪ ಹಚ್ಚಿದ ಹಾಗಿದ್ದವು. ಅತ್ತೆಯ ಬೆರಳು ಕೈಚೀಲದ ಕೊಂಡಿಯನ್ನು ತೆರೆದು, ಮುಚ್ಚಿ, ಮತ್ತೆ ತೆರೆಯಿತು. ಬಹಳ ತಗ್ಗಿದ ದನಿಯಲ್ಲಿ ಕೇಳಿದಳು: "ಆ ಜ್ವರದ ದಿವಸ?"

ಜುರೆಮಾಗೆ ಆ ಮಧ್ಯಾಹ್ನ ಕರ್ಪೂರದ ವಾಸನೆಯಾಗಿ ಮೊದಲು ಬಂತು. ಬ್ರೂನಾ ಹುಟ್ಟಿದ ವರ್ಷ, ಜುರೆಮಾಳ ಎದೆಯಲ್ಲಿ ನ್ಯುಮೋನಿಯಾ ಕಟ್ಟಿ, ಉಸಿರು ಹರಿದ ಚೀಲದಿಂದ ಸೋರುವ ಹಿಟ್ಟಿನಂತೆ ಹೋಗಿ ಬರುತ್ತಿತ್ತು. ಅತ್ತೆ ಹಂದಿಯ ಕೊಬ್ಬಿನಲ್ಲಿ ಕರ್ಪೂರ ಕಲಸಿ ಅವಳ ಎದೆಗೆ ತಿಕ್ಕುತ್ತಿದ್ದಳು. ಒರಟು ಅಂಗೈ, ಚರ್ಮ ಸುಲಿದುಹೋಗುವಂತೆ ತಿಕ್ಕುವುದು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ತನ್ನ ಭಾಷೆಯಲ್ಲಿ, ಬೈಯುವ ದನಿಯಲ್ಲೇ, ಹೇಳಿದ್ದಳು: ಏಳ ನನ್ನ ಮಗಳ, ಹೋಗಬ್ಯಾಡ. ಹೊಟ್ಟ್ಯಾಗ ಹುಟ್ಟಿದಾವ್ರಿಗೂ ನಾ ಇಷ್ಟು ಬೈದಿಲ್ಲ. ನೀ ಹೋದ್ರ ನಾ ಯಾರ ಕೂಡ ಮಾತಾಡ್ಲಿ? ಜುರೆಮಾ ಕಣ್ಣು ಮುಚ್ಚಿಯೇ ಇದ್ದಳು. ರೆಪ್ಪೆ ಅಲುಗಿದರೆ ಅತ್ತೆ ನಿಲ್ಲಿಸಿಬಿಡುವಳೆಂದು ಹೆದರಿ, ಸತ್ತವಳ ಹಾಗೆ ಮಲಗಿ, ಪೂರ್ತಿ ಕೇಳಿಸಿಕೊಂಡಿದ್ದಳು. ಬೈಗುಳವೆಲ್ಲ ಹೊರಗೆ ಬಂದರೂ ಅತ್ತೆ ತಡಕೊಂಡಾಳು. ಇದೊಂದು ಹೊರಗೆ ಬಂದರೆ ನಾಳೆ ಅಡಿಗೆಮನೆಯಲ್ಲಿ ಮುಖ ಹೇಗೆ ತೋರಿಸುವಳು?

"ಆವತ್ತು ನನಗ ಖಬರಽ ಇರಲಿಲ್ಲ ಅತ್ತಿ," ಎಂದಳು. "ಜ್ವರದಾಗ ಕಿವಿ ಗುಂಯ್ ಅಂತಿತ್ತು. ಏನೂ ಕೇಳಿಲ್ಲ."

ಅತ್ತೆ ಅವಳನ್ನು ನೋಡಿದಳು. ಎಂದೂ ಹಾಗೆ ನೋಡಿರಲಿಲ್ಲ. ಸಂತೆಯಲ್ಲಿ ಕೋಳಿಯನ್ನು ಎತ್ತಿ ತೂಕ ನೋಡುವ ಹಾಗೆ, ಬಹಳ ಹೊತ್ತು. "ಸುಳ್ಳಿ," ಎಂದಳು. "ಸುಳ್ಳು ಹೇಳಾಕೂ ನನ್ನ ಭಾಷಾನಽ ಬೇಕಾತೇನು ನಿನಗ?" ಹೇಳಿ, ಕೈಚೀಲದಿಂದ ಕರವಸ್ತ್ರ ತೆಗೆದು, ಮೂಗನ್ನು ಜೋರಾಗಿ ಒರೆಸಿಕೊಂಡು, ಚಳಿ ಚಳಿ ಎಂದು ಇಲ್ವೊನಿಗೆ ಕಿಟಕಿ ಏರಿಸಲು ಹೇಳಿದಳು. ಕಿಟಕಿ ಆಗಲೇ ಏರಿಸಿಯಾಗಿತ್ತು.

"ಎಲ್ಲಾ ಹೋತು," ಎಂದಳು ಸ್ವಲ್ಪ ದೂರ ಹೋದ ಮೇಲೆ, ಗಟ್ಟಿಯಾಗಿ, ತನ್ನ ಹಳೆಯ ದನಿಗೆ ಮರಳಿ. "ಸರಕಾರದಾವ್ರು ಭಾಷಾ ಕಸಗೊಂಡ್ರು, ಸೊಸಿ ಗುಟ್ಟು ಕಸಗೊಂಡ್ಳು. ನಾಳಿಂದ ಈ ಮನ್ಯಾಗ ನಾನು ಮೆಲೀಟಾನ ಕೂಡ ಯಾವ ಭಾಷಾದಾಗ ಮಾತಾಡ್ಬೇಕು? ಈ ವಯಸ್ಸಿನ್ಯಾಗ ಹೊಸಾದು ಯಾವದು ಕಲೀಲಿ?"

"ಪೋರ್ಚುಗೀಸ್ ಕಲಿ ಅತ್ತಿ. ಅದು ನಿನಗ ಇನ್ನೂ ಬರಂಗಿಲ್ಲ."

ಇಲ್ವೊ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಲೇಬೇಕಾಯಿತು. ನಗುತ್ತ ನಗುತ್ತ ಅವನ ಹಣೆ ಸ್ಟಿಯರಿಂಗಿಗೆ ತಾಗಿ ಹಾರ್ನ್ ಕೂಗಿತು, ಬೇಲಿಯಾಚೆಯ ಹಸುಗಳು ತಲೆಯೆತ್ತಿದವು. ಅತ್ತೆ ಕೈಚೀಲ ಎತ್ತಿ ಸೊಸೆಯ ತೊಡೆಗೆ ಒಂದು ಬಾರಿಸಿದಳು. ನೋವಾಯಿತು. ಅತ್ತೆಯ ತುಟಿಗಳು ಬಿಗಿದುಕೊಂಡೇ ಇದ್ದವು, ಆದರೆ ಕೊರಳ ಪಿನ್ನು ಮೇಲೆ ಕೆಳಗೆ ಕುಣಿಯುತ್ತಿತ್ತು.

"ಕಲಿ ಅಲ್ಲ," ಎಂದಳು ಅತ್ತೆ ಉಸಿರು ಸಿಕ್ಕ ಮೇಲೆ. "ಕಲೀರಿ. ಹಿರ್ಯಾರಿಗೆ ಹಂಗ ಅನ್ನಬೇಕು. ಅನ್ನು."

"ಕಲೀರಿ," ಎಂದಳು ಜುರೆಮಾ.

"ಇನ್ನೊಮ್ಮಿ. ಬಾಯಿ ತುಂಬ."